ಕೇಳಿದವರು

ನಾನು ಬಿ.ಎ. ಓದುತ್ತಿದ್ದಾಗ ನಮ್ಮ ಇಂಗ್ಲಿಷ್ ಮೇಡಂ ಒಂದು ದಿನ ತರಗತಿಯಲ್ಲಿ ಚರ್ಚಿಲ್ಲನ ಭಾಷಣ ಓದಿದರು. ಕಡಲ ತೀರದಿಂದ ಹಿಡಿದು ಬೀದಿಬೀದಿಯಲ್ಲೂ ಕಾದುತ್ತೇವೆ, ಶರಣಾಗುವುದಿಲ್ಲ ಎಂದು ಆತ 1940ರ ಜೂನ್ 4ರಂದು ಸಂಸತ್ತಿನಲ್ಲಿ ಆಡಿದ್ದು. ನನ್ನ ಮೈ ಜುಮ್ಮೆಂದಿತು. ಮನೆಗೆ ಬಂದು ಅಮ್ಮನ ಮುಂದೆ ಅಭಿನಯಿಸಿಯೂ ತೋರಿಸಿದೆ. ಅಕ್ಕಿ ಆರಿಸುತ್ತಿದ್ದ ಅಮ್ಮ ತಲೆಯೆತ್ತದೆ, "ಬಂಗಾಳದಲ್ಲಿ ಜನ ಅನ್ನವಿಲ್ಲದೆ ಸತ್ತದ್ದು ಇವನ ಕಾಲದಲ್ಲೇ ಅಲ್ಲವೇನೇ?" ಅಂದಳು.

ಹೌದು. 1943ರ ಆ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಧಾನ್ಯ ಕಳಿಸಿ ಎಂದು ದೆಹಲಿಯಿಂದ ಎಷ್ಟು ಮೊರೆಯಿಟ್ಟರೂ ಚರ್ಚಿಲ್ಲನ ಮಂತ್ರಿಮಂಡಲ ಕೇಳಿದಷ್ಟು ಹಡಗು ಕೊಡಲಿಲ್ಲ. ಇದನ್ನೆಲ್ಲ ಓದಿ ತಿಳಿದ ಮೇಲೆ, ಮೈ ಜುಮ್ಮೆಂದದ್ದೇ ಒಂದು ಅಪರಾಧವೆನಿಸತೊಡಗಿತು. (ಆ ಮಾತಿನ ಗತ್ತಿಗೆ ನಮ್ಮ ಬೆಂಗಳೂರಿನ ಋಣವೂ ಇದೆ. 1896ರಲ್ಲಿ ಸೈನಿಕನಾಗಿ ಬಂದು ಇಲ್ಲಿನ ದಂಡಿನಲ್ಲಿದ್ದಾಗ ಮಧ್ಯಾಹ್ನವೆಲ್ಲ ಗಿಬ್ಬನ್, ಮೆಕಾಲೆ ಓದಿಕೊಂಡು ಕೂತಿರುತ್ತಿದ್ದನಂತೆ!) ಇಂಥವನ ಮಾತಿಗೆ ಮನಸ್ಸು ಕರಗಿದರೆ ತಪ್ಪು ಯಾರದು?

ಅವನ ಜನರಾದರೂ ಕೈಮುಗಿದು ಕೇಳಿರಬೇಕು ಎಂದುಕೊಂಡಿದ್ದೆ. ಅದೂ ಪೂರ್ತಿ ನಿಜವಲ್ಲ. 1937ರಲ್ಲಿ ಶುರುವಾದ ಮಾಸ್ ಅಬ್ಸರ್ವೇಷನ್ ಎಂಬ ಸಂಸ್ಥೆ ಅಲ್ಲಿನ ಸಾಮಾನ್ಯರಿಂದ ದಿನಚರಿ ಬರೆಸುತ್ತಿತ್ತು. ಅಂಥ ದಾಖಲೆಗಳನ್ನೆಲ್ಲ ಜಾಲಾಡಿ ರಿಚರ್ಡ್ ಟಾಯ್ ಎಂಬ ಇತಿಹಾಸಕಾರರು 2013ರಲ್ಲಿ ಒಂದು ಪುಸ್ತಕ ಬರೆದರು. ಭಾಷಣ ಕೇಳಿ ಧೈರ್ಯ ತಂದುಕೊಂಡವರು ಬೇಕಾದಷ್ಟು ಜನ. ಆದರೆ ಇನ್ನಷ್ಟು ಹೆದರಿದವರೂ ಇದ್ದರು. ಜೂನ್ 18ರಂದು ರೇಡಿಯೋದಲ್ಲಿ ಆತ ಮಾತಾಡಿದಾಗ 'ಇವನು ಕುಡಿದಿದ್ದಾನೆ' ಎಂದುಕೊಂಡವರೂ ಇದ್ದರು! ಹಡಗು ಕಟ್ಟುವ ಊರಾದ ಬಾರೋದ ಗೃಹಿಣಿ ನೆಲ್ಲಾ ಲಾಸ್ಟ್, ಆತ ಪ್ರಧಾನಿಯಾದ ಹೊಸತರಲ್ಲಿ ತನ್ನ ದಿನಚರಿಯಲ್ಲಿ ಬರೆದದ್ದರ ಭಾವ ಇಷ್ಟು: ಜೀವಮಾನವಿಡೀ ಜೊತೆಗಿರಲು ಹಿಂದಿನ ಪ್ರಧಾನಿ ಚೇಂಬರ್ಲೇನ್ ವಾಸಿ, ಬಿರುಗಾಳಿಗೆ ಹಡಗು ಒಡೆದಾಗ ಮಾತ್ರ ಚರ್ಚಿಲ್ ಇರಲಿ. ಎಂಥ ಲೆಕ್ಕಾಚಾರದ ಹೆಂಗಸು ನೋಡಿ! ಅಳಿಯನನ್ನು ಅಳೆಯುವ ಅತ್ತೆಯ ಹಾಗೆ.

ಇನ್ನೊಂದು ಸೋಜಿಗವಿದೆ. ಜೂನ್ 4ರ ಮಾತನ್ನು ಆತನ ಧ್ವನಿಯಲ್ಲೇ ಆ ದಿನ ರೇಡಿಯೋದಲ್ಲಿ ಕೇಳಿದೆವು ಎಂದು ಮುಂದೆ ಎಷ್ಟೋ ಜನ ನೆನಪಿಸಿಕೊಂಡರು. ಸಂಸತ್ತಿನ ಮಾತು ಆಗ ಪ್ರಸಾರವಾಗುತ್ತಲೇ ಇರಲಿಲ್ಲ. ಬಿ.ಬಿ.ಸಿ.ಯ ವಾರ್ತೆ ಓದುವವರು ಅದರ ಭಾಗಗಳನ್ನು ಓದಿದ್ದರು, ಅಷ್ಟೇ. ಚರ್ಚಿಲ್ ತನ್ನ ಧ್ವನಿಯಲ್ಲಿ ಅದನ್ನು ಮುದ್ರಿಸಿದ್ದು 1949ರಲ್ಲಿ. ಹಾಗೆ ಹೇಳಿದವರು ಸುಳ್ಳುಗಾರರೆಂದು ನನಗನಿಸುವುದಿಲ್ಲ. ಬಾಂಬು ಬೀಳುತ್ತಿದ್ದ ಊರಿನಲ್ಲಿ ಮಕ್ಕಳನ್ನು ಮಲಗಿಸಿದ್ದು ಅವರೇ. ಆ ಧೈರ್ಯಕ್ಕೆ ಆಮೇಲೆ ಒಂದು ಧ್ವನಿ ಹುಡುಕಿಕೊಂಡರು.

ಹಾಗೆಂದು ಬುದ್ಧಿಯನ್ನು ಒತ್ತೆಯಿಡಲೂ ಇಲ್ಲ. ಸರಿಯಾಗಿ ಐದು ವರ್ಷಕ್ಕೆ, 1945ರ ಜೂನ್ 4ರಂದು, ಲೇಬರ್ ಪಕ್ಷ ಬಂದರೆ ಗೆಸ್ಟಾಪೋದಂಥದ್ದೂ ಬರುತ್ತದೆ ಎಂದು ಆತ ರೇಡಿಯೋದಲ್ಲಿ ಹೆದರಿಸಿದ. ಕೇಳಿದವರಲ್ಲಿ ಎಷ್ಟೋ ಜನ ಮುಖ ಸಿಂಡರಿಸಿದರು. ಜುಲೈ ಚುನಾವಣೆಯಲ್ಲಿ ಲೇಬರ್ 393 ಸ್ಥಾನ ಗೆದ್ದಿತು.

ಮೊನ್ನೆ ಮಗಳು ಮೊಬೈಲಿನಲ್ಲಿ ಆ 1949ರ ಮುದ್ರಣ ಹಾಕಿದಳು. ಮುದಿ ಧ್ವನಿ. ಆದರೂ ನನ್ನ ಮೈ ಮತ್ತೆ ಜುಮ್ಮೆಂದಿತು. ಈ ಸಲ ನಾಚಿಕೆಯಾಗಲಿಲ್ಲ. ಅದು ಮುಗಿದ ಮೇಲೆ, ಅವಳ ಅಜ್ಜಿ ಅಕ್ಕಿ ಆರಿಸುತ್ತ ಕೇಳಿದ ಪ್ರಶ್ನೆಯನ್ನು ಅವಳಿಗೂ ಹೇಳಿದೆ.