ದೂರ ನಿಲ್ಲುವುದೂ ಪ್ರೀತಿಯೇ

ಹಸಿದವರಿಗೆ ಅನ್ನ ಕೊಡಬೇಕೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಕೈಚಾಚಿದವರನ್ನು ಕಂಡು ಮುಖ ತಿರುಗಿಸಬಾರದು ಎನ್ನುತ್ತೇವೆ. ಹಾಗಿರುವಾಗ, ದಾರಿಯ ಬದಿಯಲ್ಲಿ ಕುಳಿತು ನಮ್ಮನ್ನೇ ನೋಡುತ್ತಿರುವ ಮಂಗನಿಗೆ ಒಂದು ಬಿಸ್ಕತ್ತು ಕೊಡುವುದು ತಪ್ಪು ಹೇಗಾದೀತು? ಈ ಪ್ರಶ್ನೆಯನ್ನು ಬೇಸಿಗೆ ರಜೆಯಲ್ಲಿ ನನ್ನ ಒಂಬತ್ತು ವರ್ಷದ ಮಗ ಕೇಳಿದ. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಎರಡು ದಿನಗಳ ನಂತರ, ಕಡಲ ತೀರದಲ್ಲಿ.

ಏಪ್ರಿಲ್ ತಿಂಗಳ ಮೊದಲ ವಾರ. ಮಕ್ಕಳ ಪರೀಕ್ಷೆ ಮುಗಿದಿತ್ತು. ಶಿವಮೊಗ್ಗದಿಂದ ಹೊರಟು ತೀರ್ಥಹಳ್ಳಿ, ಆಗುಂಬೆಯ ಮೂಲಕ ಘಟ್ಟ ಇಳಿಯುವುದು. ಉಡುಪಿಯಿಂದ ಕಡಲ ಬದಿಯ ಹೆದ್ದಾರಿ ಹಿಡಿದು ಹೊನ್ನಾವರದವರೆಗೆ ಹೋಗುವುದು. ಗೇರುಸೊಪ್ಪೆಯ ಘಟ್ಟ ಹತ್ತಿ ಜೋಗ, ಸಾಗರದ ದಾರಿಯಲ್ಲಿ ಮನೆಗೆ ಮರಳುವುದು ಎಂದು ನಮ್ಮವರು ಲೆಕ್ಕ ಹಾಕಿದ್ದರು. ಲಾಡ್ಜಿನ ಖರ್ಚು ಬೇಡವೆಂದು ಎರಡು ಟೆಂಟುಗಳನ್ನು ಬಾಡಿಗೆಗೆ ತಂದೆವು. ಪರಿಚಯದವರ ತೆಂಗಿನ ತೋಟಗಳಲ್ಲಿ ರಾತ್ರಿ ತಂಗುವುದೆಂದು ಮೊದಲೇ ಕೇಳಿಕೊಂಡಿದ್ದೆವು. ಸಣ್ಣ ಸ್ಟೌ, ಅಕ್ಕಿ, ಉಪ್ಪಿನಕಾಯಿ ಎಲ್ಲ ಕಾರಿನೊಳಗೆ ಸೇರಿದವು. ಮಕ್ಕಳಿಬ್ಬರಿಗೂ ಇದ್ದದ್ದು ಒಂದೇ ಆಸೆ. ಕಾಡುಪ್ರಾಣಿಗಳನ್ನು ಹತ್ತಿರದಿಂದ ನೋಡಬೇಕು. ತ್ಯಾವರೆಕೊಪ್ಪದ ಸಫಾರಿಯಲ್ಲಿ ನೋಡಿದ ಹಾಗಲ್ಲ, ಅವುಗಳ ಜಾಗದಲ್ಲೇ ನೋಡಬೇಕು.

ಆಗುಂಬೆಯ ಘಟ್ಟದಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ರಸ್ತೆ ಹೋಗುವುದು ಸೋಮೇಶ್ವರ ಅಭಯಾರಣ್ಯದ ನಡುವೆ. ಸೂರ್ಯಾಸ್ತ ನೋಡುವ ಕಟ್ಟೆಯಿಂದ ಸ್ವಲ್ಪ ಕೆಳಗೆ ಮಂಗಗಳ ಒಂದು ಗುಂಪು ತಡೆಗೋಡೆಯ ಮೇಲೆ ಸಾಲಾಗಿ ಕುಳಿತಿತ್ತು. ಅವುಗಳಿಗೆ ತಿನ್ನಲು ಕೊಡಬೇಡಿ ಎಂಬ ಬೋರ್ಡು ಇತ್ತು. ನಾವು ಅದನ್ನು ಓದಿಯೂ ಇದ್ದೆವು. ಆದರೂ ಕಾರು ನಿಲ್ಲಿಸಿದೆವು. ಒಂದು ತಾಯಿ ಮಂಗ ಹೊಟ್ಟೆಗೆ ಮರಿಯನ್ನು ಅಂಟಿಸಿಕೊಂಡು ಕಿಟಕಿಯ ಹತ್ತಿರವೇ ಬಂತು. ಮಗಳು ಸಂತೋಷದಿಂದ ಕೂಗಿದಳು. ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಮಗನ ಕೈಗೆ ಕೊಟ್ಟವಳು ನಾನೇ.

ಅವನು ಎಸೆದ ಎರಡನೆಯ ಬಿಸ್ಕತ್ತು ರಸ್ತೆಯ ಆಚೆ ಬದಿಗೆ ಬಿತ್ತು. ಬಾಲ ನಿಮಿರಿಸಿಕೊಂಡು ಅದರ ಹಿಂದೆ ಓಡಿದ್ದು ಸ್ವಲ್ಪ ದೊಡ್ಡದಾದ ಇನ್ನೊಂದು ಮರಿ. ಕೆಳಗಿನ ತಿರುವಿನಿಂದ ಬಂದ ಕಾರಿನವರು ಬ್ರೇಕು ಹಾಕಿದರು. ಆದರೆ ಆ ತಿರುವಿನಲ್ಲಿ ಅವರಿಗೆ ಕಾಣುವಷ್ಟು ಜಾಗವೇ ಇರಲಿಲ್ಲ. ಅವರದೇನೂ ತಪ್ಪಿಲ್ಲ. ಗುಂಪಿನಿಂದ ಒಂದು ಹೆಣ್ಣು ಮಂಗ ಇಳಿದು ಬಂದು, ಸತ್ತ ಮರಿಯನ್ನು ಒಂದು ಕೈಯಿಂದ ಎದೆಗೆ ಒತ್ತಿಕೊಂಡು, ಉಳಿದ ಮೂರು ಕಾಲುಗಳ ಮೇಲೆ ಕುಂಟುತ್ತ ಗೋಡೆ ಹತ್ತಿ ಕಾಡಿನೊಳಗೆ ಹೋಯಿತು. ಸೋಮೇಶ್ವರ ತಲಪುವವರೆಗೂ ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಆಮೇಲೆ ಮಗ ಕೇಳಿದ: "ಅಮ್ಮಾ, ಕೊಡೋದು ಒಳ್ಳೇದು ಅಂತ ನೀನೇ ಹೇಳಿದ್ಯಲ್ಲ?"

ಹೌದು, ಹೇಳಿದ್ದೆ. ಆ ರಾತ್ರಿ ಟೆಂಟಿನಲ್ಲಿ ನಿದ್ರೆ ಬರದೆ ಅದನ್ನೇ ಯೋಚಿಸುತ್ತಿದ್ದೆ. ಆ ಮಂಗಗಳು ನಿಜವಾಗಿಯೂ ಹಸಿದಿದ್ದವೇ? ಅವುಗಳ ಬೆನ್ನ ಹಿಂದೆ ಹಣ್ಣು, ಚಿಗುರು, ಹುಳುಹುಪ್ಪಟೆಗಳ ದೊಡ್ಡ ಕಾಡೇ ಇತ್ತು. ಅವು ರಸ್ತೆಗೆ ಬಂದದ್ದು ಹಸಿವಿನಿಂದಲ್ಲ. ನಮ್ಮಂಥವರು ವರ್ಷಗಟ್ಟಲೆ ಮಾಡಿಸಿದ ರೂಢಿಯಿಂದ. ಹಸಿದ ಮನುಷ್ಯನಿಗೆ ಕೊಟ್ಟ ಊಟ ಅವನು ಎದ್ದು ತನ್ನ ದಾರಿ ಹಿಡಿಯಲು ಬಲ ಕೊಡುತ್ತದೆ. ಮಂಗನಿಗೆ ಕೊಟ್ಟ ಬಿಸ್ಕತ್ತು ಅದನ್ನು ನಮ್ಮ ರಸ್ತೆಗೇ ಕಟ್ಟಿಹಾಕುತ್ತದೆ. ಅದರಿಂದ ತೃಪ್ತಿಯಾದದ್ದು ಯಾರಿಗೆ? ಒಂದು ಕಾಡುಜೀವ ನಮ್ಮನ್ನು ನಂಬಿ ಹತ್ತಿರ ಬಂತು ಎಂಬ ಹಿಗ್ಗು ನಮಗೆ ಬೇಕಿತ್ತು. ಆ ಹಿಗ್ಗಿನ ಬೆಲೆಯನ್ನು ಮಾತ್ರ ಅದು ತೆತ್ತಿತು.

ನಮ್ಮ ಜಿಲ್ಲೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಯೂ ಇಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲೇ. ಉಣುಗಿನಿಂದ ಹರಡುವ ಆ ರೋಗದಿಂದ ಮಂಗಗಳೂ ಸತ್ತವು, ಮನುಷ್ಯರೂ ಸತ್ತರು. ಅವುಗಳಿಗೂ ನಮಗೂ ನಡುವೆ ಸ್ವಲ್ಪ ಜಾಗವಿರುವುದು ಇಬ್ಬರಿಗೂ ಕ್ಷೇಮ ಎಂಬುದನ್ನು ಮಲೆನಾಡು ಕಷ್ಟಪಟ್ಟೇ ಕಲಿತಿದೆ. ಆದರೆ ಕಾರಿನ ಕಿಟಕಿಯಲ್ಲಿ ಆ ಪುಟ್ಟ ಮುಖ ಕಂಡಾಗ ಕಲಿತದ್ದೆಲ್ಲ ಮರೆತುಹೋಗಿತ್ತು.

ಮಾರನೆಯ ದಿನ ಉತ್ತರಕ್ಕೆ ಹೊರಟೆವು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಬಿಳಿ ತಲೆಯ ಗರುಡಗಳು ನೀರಿನ ಮೇಲೆ ಸುತ್ತುತ್ತಿದ್ದವು. ಬೇರೆ ದಿನವಾಗಿದ್ದರೆ ಮಗ ಕುಣಿದಾಡುತ್ತಿದ್ದ. ಅಂದು ಸುಮ್ಮನೆ ನೋಡಿದ. ಸಂಜೆ ಹೊನ್ನಾವರದ ಸಮೀಪದ ಒಂದು ತೋಟದಲ್ಲಿ ಟೆಂಟು ಹಾಕಿದೆವು. ರಾತ್ರಿ ಎಲ್ಲೋ ನರಿಗಳು ಊಳಿಟ್ಟವು. ತೋಟದ ಮನೆಯವರು ಮಲಗುವ ಮೊದಲು ಬಂದು, "ಬೆಳಿಗ್ಗೆ ಐದು ಗಂಟೆಗೆ ಎಬ್ಬಿಸ್ತೇನೆ. ಕಡಲಾಮೆ ಗೂಡು ಇವತ್ತೋ ನಾಳೆಯೋ ಒಡೀಬಹುದು" ಎಂದು ಹೇಳಿ ಹೋದರು.

ಆ ತೀರಕ್ಕೆ ಆಲಿವ್ ರಿಡ್ಲಿ ಎಂಬ ಜಾತಿಯ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿರುವ ಜೀವ ಅದು. ತಾಯಿ ರಾತ್ರಿಯಲ್ಲಿ ದಡಕ್ಕೆ ಬಂದು, ಮರಳಿನಲ್ಲಿ ಗುಂಡಿ ತೋಡಿ, ಸುಮಾರು ನೂರು ಮೊಟ್ಟೆಯಿಟ್ಟು, ಮುಚ್ಚಿ, ಹಿಂದಿರುಗಿ ನೋಡದೆ ಕಡಲಿಗೆ ಮರಳುತ್ತದೆ. ಒಂದೂವರೆ ಎರಡು ತಿಂಗಳ ಕಾಲ ಮರಳಿನ ಬಿಸಿಯೇ ಮೊಟ್ಟೆಗಳಿಗೆ ಕಾವು. ಮರಿ ಹೆಣ್ಣೋ ಗಂಡೋ ಎಂಬುದೂ ಆ ಬಿಸಿಯಿಂದಲೇ ತೀರ್ಮಾನವಾಗುತ್ತದೆ. ಗೂಡಿನ ಸುತ್ತ ಬಲೆ ಕಟ್ಟಿದ್ದರು. ಮೀನುಗಾರರ ಕೇರಿಯ ಒಬ್ಬ ಹಿರಿಯರು ಅಲ್ಲಿ ಕಾವಲಿದ್ದರು. ನಾವು ಹೋದೊಡನೆ ಅವರು ಹೇಳಿದ ಮೊದಲ ಮಾತು, "ಬ್ಯಾಟರಿ ಆರಿಸಿ" ಎಂದು. ಮೊಟ್ಟೆಯಿಂದ ಹೊರಬಂದ ಮರಿಗೆ ಬೆಳಕೇ ದಾರಿ. ರಾತ್ರಿ ಕಡಲಿನ ಮೇಲಿನ ಆಕಾಶದ ಮಂದ ಬೆಳಕನ್ನು ನೋಡಿಕೊಂಡು ಅದು ನೀರಿಗೆ ಹೋಗುತ್ತದೆ. ದೀಪ ಕಂಡರೆ ದಾರಿತಪ್ಪಿ ಊರಿನ ಕಡೆಗೆ ಹೊರಳುತ್ತದೆ.

ಸ್ವಲ್ಪ ಹೊತ್ತಿನಲ್ಲೇ ಮರಳು ಕುಸಿದಂತಾಯಿತು. ಒಂದು ತಲೆ, ಎರಡು ತಲೆ, ಆಮೇಲೆ ಎಣಿಸಲಾಗದಷ್ಟು. ಅಂಗೈಯಲ್ಲಿ ಹಿಡಿಸುವಂಥ ಕಪ್ಪು ಮರಿಗಳು. ಹಿರಿಯರು ಬಲೆಯನ್ನು ಕಡಲಿನ ಕಡೆಗೆ ತೆರೆದರು. ಮರಿಗಳು ತೆವಳತೊಡಗಿದವು. ಒಂದು ಮರಿ ಯಾರದೋ ಹೆಜ್ಜೆಯ ಗುಂಡಿಯೊಳಗೆ ಬಿದ್ದು ಮಗುಚಿಕೊಂಡಿತು. ನನ್ನ ಮಗಳು ಓಡಿಹೋಗಿ ಕೈಚಾಚಿದಳು.

"ಮುಟ್ಬೇಡ ತಂಗೀ. ಅದು ನಡ್ದೇ ಹೋಗ್ಬೇಕು."

"ಪಾಪ ಅಜ್ಜಾ! ನಾನು ನೀರಿಗೆ ಬಿಟ್ಟು ಬರ್ತೇನೆ."

"ನೀನು ಬಿಟ್ರೆ, ಮುಂದೆ ತನ್ನ ಊರು ಯಾವುದು ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?"

ಆ ಮಾತಿನಲ್ಲಿ ತಿಳಿವಳಿಕೆಯಿದೆ. ಹುಟ್ಟಿದ ಕರಾವಳಿಯ ಭೂಕಾಂತದ ಗುರುತನ್ನು ಮರಿಗಳು ಹೊತ್ತೊಯ್ಯುತ್ತವೆ, ಬೆಳೆದ ಹೆಣ್ಣು ಆ ಗುರುತಿನ ಮೇಲೆ ಅದೇ ಕರಾವಳಿಗೆ ಮರಳಿ ಬರುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಆದರೆ ನನ್ನ ಮನಸ್ಸನ್ನು ತಟ್ಟಿದ್ದು ಅವರು ಮುಂದೆ ಮಾಡಿದ ಕೆಲಸ. ಅವರು ಮರಿಯನ್ನು ಎತ್ತಲಿಲ್ಲ; ಕೈಕಟ್ಟಿ ನಿಲ್ಲಲೂ ಇಲ್ಲ. ಮರಿಗಳಿಗಿಂತ ಮುಂದೆ ಹೋಗಿ, ಬಿದ್ದಿದ್ದ ಬಲೆಯ ಚೂರು, ಪ್ಲಾಸ್ಟಿಕ್ ಹಗ್ಗದ ತುಂಡುಗಳನ್ನು ಹೆಕ್ಕಿದರು. ನಮ್ಮ ಹೆಜ್ಜೆಯ ಗುಂಡಿಗಳನ್ನು ಪಾದದಿಂದ ಸವರಿ ಮಟ್ಟ ಮಾಡಿದರು. ಸುಳಿಯುತ್ತಿದ್ದ ಎರಡು ನಾಯಿಗಳನ್ನು ಗದರಿಸಿ ಓಡಿಸಿದರು. ಅಷ್ಟರಲ್ಲಿ ಮಗುಚಿದ್ದ ಮರಿ ತಾನೇ ಹೊರಳಿ, ಗುಂಡಿ ಹತ್ತಿ, ಮುಂದೆ ಸಾಗಿತ್ತು.

"ಎಲ್ಲ ಬದುಕ್ತಾವಾ ಅಜ್ಜಾ?" ಎಂದು ಮಗಳು ಕೇಳಿದಳು. "ಇಲ್ಲ ತಂಗೀ. ಸಾವಿರಕ್ಕೊಂದು ದೊಡ್ಡದಾದ್ರೆ ಪುಣ್ಯ ಅಂತಾರೆ." ಅದನ್ನು ಕೇಳಿ ನನ್ನ ಮಗ, ಎರಡು ದಿನದಿಂದ ಮಂಕಾಗಿದ್ದವನು, ಮೆಲ್ಲನೆ ಮುಂದೆ ಹೋಗಿ ಮಂಡಿಯೂರಿ ಮರಳಿನ ಗುಂಡಿಗಳನ್ನು ಸವರತೊಡಗಿದ. ಯಾರೂ ಅವನಿಗೆ ಹೇಳಿರಲಿಲ್ಲ. ತಪ್ಪು ಮಾಡಿದ ಕೈಗೆ ಮಾಡಲು ಒಂದು ಒಳ್ಳೆಯ ಕೆಲಸ ಸಿಕ್ಕಿತ್ತು.

ಅವನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಪ್ರೀತಿಯೆಂದರೆ ಕೊಡುವುದು ಎಂದು ನಾನು ಕಲಿಸಿದ್ದು ಸುಳ್ಳಲ್ಲ. ಅದು ಅರ್ಧ ಮಾತು. ಎದುರಿನ ಜೀವಕ್ಕೆ ಏನು ಬೇಕು ಎಂದು ಮೊದಲು ಕೇಳಿಕೊಳ್ಳಬೇಕು ಎಂಬುದು ಇನ್ನರ್ಧ. ಕಡಲಾಮೆಯ ಮರಿಗೆ ಕಷ್ಟ ತಂದವರಲ್ಲಿ ನಾವೂ ಇದ್ದೇವೆ. ದೀಪ ನಮ್ಮದು, ಬಲೆಯ ಚೂರು ನಮ್ಮದು, ಆ ಹೆಜ್ಜೆಯ ಗುಂಡಿಯೂ ನಮ್ಮದೇ. ಹಾಗಾಗಿ ದೂರ ನಿಲ್ಲುವುದೆಂದರೆ ನಮಗೇನೂ ಸಂಬಂಧವಿಲ್ಲ ಎಂದು ಸುಮ್ಮನಿರುವುದಲ್ಲ. ನಾವು ಹಾಕಿದ ಅಡ್ಡಿಯನ್ನು ತೆಗೆಯುವುದು ನಮ್ಮ ಪಾಲು. ನಡೆಯುವುದು ಅದರ ಪಾಲು.

ಯೋಬನ ಗ್ರಂಥದ ಕೊನೆಯ ಭಾಗದಲ್ಲಿ ದೇವರು ಯೋಬನಿಗೆ ಕಾಡುಮೇಕೆ, ಕಾಡುಕತ್ತೆ, ಮರಳಿನಲ್ಲಿ ಮೊಟ್ಟೆ ಬಿಟ್ಟುಹೋಗುವ ಉಷ್ಟ್ರಪಕ್ಷಿ, ಗಿಡುಗ ಇವೆಲ್ಲವನ್ನೂ ತೋರಿಸುತ್ತಾರೆ. ಇವುಗಳಲ್ಲಿ ಯಾವುದೂ ಯೋಬನ ಮಂದೆಗೆ ಸೇರಿದ್ದಲ್ಲ, ಅವನ ಉಪಯೋಗಕ್ಕೆ ಬರುವುದೂ ಇಲ್ಲ. ಆದರೂ ದೇವರಿಗೆ ಅವುಗಳ ಮೇಲೆ ಅಷ್ಟು ಅಕ್ಕರೆ. ನಮ್ಮ ಕೈಗೆ ಸಿಗದ ಜೀವಕ್ಕೂ ಬೆಲೆಯಿದೆ ಎಂಬ ಮಾತು ಅಲ್ಲಿದೆ ಎಂದು ನನಗನಿಸುತ್ತದೆ.

ಇದು ಪ್ರಾಣಿಗಳ ವಿಷಯದಲ್ಲಿ ಮಾತ್ರವೇ? ತಾಯಂದಿರಾದ ನಾವು ಮಕ್ಕಳನ್ನು ಎಷ್ಟು ಸಲ ಎತ್ತಿ ನೀರಿಗೆ ಬಿಟ್ಟಿಲ್ಲ! ಅವರ ಲೆಕ್ಕ ನಾವು ಮಾಡಿಕೊಟ್ಟು, ಅವರ ಜಗಳ ನಾವು ಬಿಡಿಸಿ, ಅವರು ಬೀಳುವ ಮೊದಲೇ ಹಿಡಿದು, ಅದನ್ನೇ ಪ್ರೀತಿಯೆಂದು ತಿಳಿದಿದ್ದೇವೆ. ದಾರಿಯ ಗಾಜಿನ ಚೂರನ್ನು ಹೆಕ್ಕಬೇಕಾದವರು ನಾವೇ. ಆದರೆ ಮಗುವಿನ ನಡಿಗೆಯನ್ನು ನಾವು ನಡೆಯಲಾಗದು.

ಮರಳುವಾಗ ಗೇರುಸೊಪ್ಪೆಯ ಘಟ್ಟದಲ್ಲಿ ಒಂದು ಕಡೆ ಅಗಲವಾದ ಜಾಗ ನೋಡಿ ಕಾರು ನಿಲ್ಲಿಸಿದೆವು. ಕಣಿವೆಯ ಆಚೆ, ಎತ್ತರದ ಮರವೊಂದರಲ್ಲಿ ಕೊಂಬೆಗಳು ಅಲುಗಿದವು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಸಿಂಗಳೀಕ! ಜಗತ್ತಿನಲ್ಲಿ ನಮ್ಮ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ, ಕೆಲವೇ ಸಾವಿರ ಉಳಿದಿರುವ ಜೀವ. ಯಾವುದೋ ಹಣ್ಣನ್ನು ಕಿತ್ತು ತಿನ್ನುತ್ತಿತ್ತು. ನಮ್ಮ ಕಡೆಗೆ ಒಮ್ಮೆಯೂ ತಿರುಗಲಿಲ್ಲ.

ಅಷ್ಟರಲ್ಲಿ ರಸ್ತೆಯ ಬದಿಯ ಪೊದೆಯಿಂದ ಒಂದು ಸಾಮಾನ್ಯ ಮಂಗ ಇಳಿದು ಕಾರಿನ ಕಡೆಗೆ ಬಂತು. ಮಡಿಲಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು. ಮಗ ನನ್ನ ಮುಖ ನೋಡಿದ. ಆಮೇಲೆ ತಾನೇ ಕಿಟಕಿಯ ಗಾಜನ್ನು ಏರಿಸಿದ. ಮಂಗ ಸ್ವಲ್ಪ ಹೊತ್ತು ಕಾದು, ಏನೂ ಸಿಗದೆ, ಮತ್ತೆ ಮರ ಹತ್ತಿತು.

"ಹೋಯ್ತಮ್ಮಾ," ಅಂದ ಮಗ. ಆಗುಂಬೆಯ ನಂತರ ಅವನ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.