ದಡದಿಂದ ಸ್ವಲ್ಪ ದೂರ ನಿಂತ ದೋಣಿ

(ಲೂಕನ ಸುವಾರ್ತೆಯ 5ನೆಯ ಅಧ್ಯಾಯ, 1ರಿಂದ 11ನೆಯ ವಚನಗಳನ್ನು ಮೊದಲು ಓದಿಕೊಳ್ಳಿರಿ.)



ಗೆನೆಜರೇತ ಸರೋವರದ ಬಳಿಯಲ್ಲಿ ನಡೆದ ಈ ಸಂಗತಿಯನ್ನು ಓದುವಾಗ ನಮ್ಮ ಕಣ್ಣು ಸಾಧಾರಣವಾಗಿ ಮೀನುಗಳ ರಾಶಿಯ ಮೇಲೆ ಬೀಳುವದು. ಆದರೆ ಬಲೆ ಇಳಿಸುವದಕ್ಕೆ ಮೊದಲೇ ಒಂದು ಚಿಕ್ಕ ಕೆಲಸ ನಡೆಯಿತು. ಲೂಕನು ಅದನ್ನು ಒಂದೇ ವಚನದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಜನರು ಒತ್ತೊತ್ತಾಗಿ ಮೇಲೆ ಬೀಳುತ್ತಿರಲಾಗಿ ಯೇಸುಸ್ವಾಮಿಯು ಸೀಮೋನನ ದೋಣಿಯನ್ನು ಹತ್ತಿ, ಅದನ್ನು ದಡದಿಂದ ತುಸು ಆಚೆಗೆ ತಕ್ಕೊಂಡು ಹೋಗಬೇಕೆಂದು ಕೇಳಿಕೊಂಡನು. ಅಲ್ಲಿ ಕೂತುಕೊಂಡು ಉಪದೇಶಿಸಿದನು.

ಆ ಉಪದೇಶವೆಲ್ಲಾ ಮುಗಿಯುವ ತನಕ ಸೀಮೋನನು ಏನು ಮಾಡುತ್ತಿದ್ದನು? ಅವನು ರಾತ್ರಿಯೆಲ್ಲಾ ದುಡಿದು ಬರಿಗೈಯಲ್ಲಿ ಬಂದವನು. ಬಲೆ ತೊಳೆಯುತ್ತಿದ್ದವನನ್ನು ಕರ್ತನು ಪುನಃ ನೀರಿಗೆ ಇಳಿಸಿದನು. ಇನ್ನು ಅವನು ಹುಟ್ಟು ಹಿಡಿದು, ದೋಣಿ ದಡಕ್ಕೆ ತಾಕದಂತೆಯೂ ದೂರ ಸರಿದುಹೋಗದಂತೆಯೂ ನೋಡಿಕೊಂಡಿರಬೇಕು. ಮುನಿರಾಬಾದಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವವರನ್ನು ಕೇಳಿರಿ. ಹರಿಗೋಲನ್ನು ಮುಂದಕ್ಕೆ ಒಯ್ಯುವದು ಒಂದು ವಿದ್ಯೆ. ಗಿರಕಿ ಹೊಡೆಯದಂತೆ ಒಂದೇ ಸ್ಥಳದಲ್ಲಿ ನಿಲ್ಲಿಸುವದು ಅದಕ್ಕಿಂತ ಕಷ್ಟವಾದ ವಿದ್ಯೆ. ನೀರಿನ ಮೇಲೆ ಗಾಳಿ ತಣ್ಣಗಿರುವಾಗ ಶಬ್ದವು ಮೇಲಕ್ಕೆ ಚದರಿಹೋಗದೆ ದೂರದ ವರೆಗೆ ಹರಿಯುತ್ತದೆ. ಹೀಗೆ ಆ ಹೊತ್ತು ದೋಣಿಯೇ ಪೀಠವಾಯಿತು, ನೀರೇ ಧ್ವನಿವರ್ಧಕವಾಯಿತು. ಅದನ್ನು ನಡಿಸಿದವನು ಒಂದು ಮಾತನ್ನಾದರೂ ಆಡಲಿಲ್ಲ.

ಈ ದಿನ ನಮ್ಮ ಸಭೆಗಳಲ್ಲಿ ಸೀಮೋನನ ಆ ಸ್ಥಳದಲ್ಲಿ ಕೂತವರು ಯಾರು? ಹಿಂದಿನ ಗೋಡೆಯ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ, ಸಣ್ಣ ಮೇಜಿನ ಮುಂದೆ ಕೂತಿರುವ ಇಬ್ಬರು ಮೂವರು ಹುಡುಗರು. ಮೈಕು, ಆಂಪ್ಲಿಫೈಯರು, ಮಿಕ್ಸರು ಇವರ ಕೈಯಲ್ಲಿವೆ. ಕಡ್ಡಿಗೆ ಕಟ್ಟಿದ ಮೊಬೈಲಿನಿಂದ ಆರಾಧನೆಯನ್ನು ಚಿತ್ರಿಸಿ ಯೂಟ್ಯೂಬಿನಲ್ಲಿಯೂ ವಾಟ್ಸಾಪಿನಲ್ಲಿಯೂ ಕಳುಹಿಸುವವರು ಇವರೇ. 2020ರ ಮಾರ್ಚಿಯಲ್ಲಿ ಮಹಾವ್ಯಾಧಿಯ ನಿಮಿತ್ತ ದೇಶವೆಲ್ಲಾ ಬಾಗಿಲು ಮುಚ್ಚಿಕೊಂಡಾಗ ಅನೇಕ ಸಭೆಗಳು ಮೊದಲನೆಯ ಸಾರಿ ಈ ಕೆಲಸವನ್ನು ಕಲಿತವು. ವ್ಯಾಧಿ ಕಳೆದುಹೋಯಿತು, ಮೇಜು ಮಾತ್ರ ಅಲ್ಲಿಯೇ ಉಳಿಯಿತು. ಅವರಿಗೆ ಸಂಬಳವಿಲ್ಲ. ಆರಾಧನೆಗೆ ಒಂದು ತಾಸು ಮುಂಚೆ ಬರುತ್ತಾರೆ, ಎಲ್ಲರೂ ಹೋದ ಮೇಲೆ ತಂತಿ ಸುತ್ತಿಟ್ಟು ಹೋಗುತ್ತಾರೆ.

ಇದೆಲ್ಲಾ ಪಟ್ಟಣದವರ ಆಡಂಬರವೆಂದು ಕೆಲವು ಹಿರಿಯರು ಹೇಳುವದನ್ನು ನಾನು ಕೇಳಿದ್ದೇನೆ. ಅವರ ಮಾತಿನಲ್ಲಿ ಸ್ವಲ್ಪ ನಿಜವೂ ಉಂಟು. ಇಪ್ಪತ್ತು ಮನೆಯ ಸಭೆಗೆ ಇನ್ನೂರು ಮಂದಿಯ ಡಬ್ಬಿಗಳು ಬೇಕಿಲ್ಲ. ಆದರೆ ನಂಬಿಕೆಯು ಕೇಳುವದರಿಂದ ಹುಟ್ಟುತ್ತದೆಂಬದನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ತಿಳಿಸಿದ್ದಾನಲ್ಲಾ. ಕಿವಿ ಮಂದವಾದ ಅಜ್ಜಿಯು ಮೂಲೆಯಲ್ಲಿ ಕೂತು ಬರೇ ಬಾಯಿ ಅಲ್ಲಾಡುವದನ್ನು ನೋಡಿ ಮನೆಗೆ ಹೋದರೆ ಆಕೆಗೆ ನಾವು ಏನು ಕೊಟ್ಟಂತಾಯಿತು? ತುತೂರಿಯ ಶಬ್ದ ಗೊತ್ತಾಗದಿದ್ದರೆ ಯುದ್ಧಕ್ಕೆ ಸಿದ್ಧನಾಗುವವನಾರೆಂದು ಕೊರಿಂಥದವರನ್ನು ಕೇಳಿದವನೂ ಅದೇ ಪೌಲನು. ಎಜ್ರನು ಜನರೆದುರಿಗೆ ಧರ್ಮಶಾಸ್ತ್ರ ಓದಿದಾಗ ಮರದ ಎತ್ತರವಾದ ಪೀಠವಿತ್ತೆಂದು ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯ ತಿಳಿಸುತ್ತದೆ. ಓದಿದವನ ಹೆಸರೂ ಪಕ್ಕದಲ್ಲಿ ನಿಂತವರ ಹೆಸರುಗಳೂ ಅಲ್ಲಿ ಬರೆದಿವೆ. ಹಲಗೆ ಕೊಯ್ದು ಪೀಠ ಕಟ್ಟಿದ ಬಡಗಿಯ ಹೆಸರಿಲ್ಲ.

ನಮ್ಮ ನಾಡಿನಲ್ಲಿಯೂ ಹೀಗೆಯೇ ಆಯಿತು. 1843ರಲ್ಲಿ ಬಾಸೆಲ್ ಮಿಷನಿನ ಮೋಗ್ಲಿಂಗ್ ಪಾದ್ರಿಯು ಮಂಗಳೂರಿನಲ್ಲಿ ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದನು. ಅದು ಕನ್ನಡದ ಮೊದಲನೆಯ ವೃತ್ತಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಿಸಲ್ಪಟ್ಟಿತು. ಪಾದ್ರಿಯ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಕಲ್ಲನ್ನು ಉಜ್ಜಿ ನುಣುಪು ಮಾಡಿ, ಅದಕ್ಕೆ ಮಸಿ ಹಚ್ಚಿ, ಒಂದೊಂದೇ ಹಾಳೆಯನ್ನು ಒತ್ತಿ ತೆಗೆದವರನ್ನು ಯಾರು ಬಲ್ಲರು?

ಮುನಿರಾಬಾದಿನವರಿಗೆ ಇದನ್ನು ಹೇಳುವದಕ್ಕೆ ಅಷ್ಟು ದೂರ ಹೋಗಬೇಕಾದದ್ದಿಲ್ಲ. ತುಂಗಭದ್ರೆಯ ಅಣೆಕಟ್ಟಿಗೆ 33 ಬಾಗಿಲುಗಳುಂಟು. 1953ರಿಂದ ನೀರು ನಿಲ್ಲುತ್ತಾ ಬಂದಿದೆ. ನೋಡಲು ಬರುವವರು ಕಟ್ಟೆಯನ್ನು ನೋಡುತ್ತಾರೆ, ನೀರನ್ನು ನೋಡುತ್ತಾರೆ, ಬಾಗಿಲು ಎತ್ತಿದಾಗ ಹಾರುವ ನೊರೆಯನ್ನು ನೋಡುತ್ತಾರೆ. ಬಾಗಿಲನ್ನು ಹಿಡಿದಿರುವ ಸರಪಳಿಯನ್ನು ನೋಡಿದವರು ಯಾರು? 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿ ಕಡಿದುಹೋಯಿತು. ಬಾಗಿಲು ನೀರಿನ ಪಾಲಾಯಿತು. ಭಾರವನ್ನು ಇಳಿಸುವದಕ್ಕಾಗಿ ಮಿಕ್ಕ ಬಾಗಿಲುಗಳನ್ನೂ ತೆರೆದು ತುಂಬಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಗಂಗಾವತಿಯ ಕಡೆಯ ಭತ್ತದ ರೈತರು ಎದೆ ಹಿಡಿದುಕೊಂಡು ಕೂತರು. ಬಾಗಿಲುಗಳ ಕೆಲಸದಲ್ಲಿ ನಿಪುಣನಾದ ಕನ್ನಯ್ಯ ನಾಯ್ಡು ಎಂಬ ವೃದ್ಧನ ಮಾರ್ಗದರ್ಶನದಲ್ಲಿ ಕೆಲಸದವರು ಹರಿಯುವ ನೀರಿನಲ್ಲಿಯೇ ಉಕ್ಕಿನ ತುಂಡುಗಳನ್ನು ಇಳಿಸಿ, ಒಂದು ವಾರದೊಳಗೆ ಆ ಕಿಂಡಿಯನ್ನು ತಾತ್ಕಾಲಿಕವಾಗಿ ಮುಚ್ಚಿದರು. ಆ ವಾರದಲ್ಲಿ ಊರೂರಿನ ಚಹದ ಅಂಗಡಿಗಳಲ್ಲಿ ಸರಪಳಿಯ ಮಾತೇ ಮಾತು. ಅದಕ್ಕೆ ಮುಂಚಿನ ಎಪ್ಪತ್ತು ವರುಷ ಅದರ ಮಾತನ್ನು ಯಾರೂ ಎತ್ತಿರಲಿಲ್ಲ.

ಮೈಕಿನ ಹುಡುಗನ ಪಾಡೂ ಇಷ್ಟೇ. ಐವತ್ತು ಭಾನುವಾರ ಎಲ್ಲವೂ ಸರಿಯಾಗಿದ್ದರೆ ಅವನು ಅಲ್ಲಿದ್ದಾನೆಂಬದೇ ನಮಗೆ ತಿಳಿಯದು. ಒಂದು ಭಾನುವಾರ ಡಬ್ಬಿ ಕಿರಿಚಿಕೊಂಡರೆ ಸಭೆಯ ಎಲ್ಲಾ ತಲೆಗಳೂ ಹಿಂದಕ್ಕೆ ತಿರುಗುವವು.

ಇಲ್ಲಿ ನನ್ನ ಪಾಪವನ್ನು ಅರಿಕೆಮಾಡಬೇಕಾಗಿದೆ. ಕೆಲವು ವರುಷಗಳ ಕೆಳಗೆ, ನಾನು ಸೇವೆ ಮಾಡುತ್ತಿದ್ದ ಒಂದು ಸಭೆಯಲ್ಲಿ ಪ್ರಸಂಗದ ಭರದಲ್ಲಿ ಮೈಕನ್ನು ಕೈಯಲ್ಲಿ ಹಿಡಿದುಕೊಂಡು ಪೀಠದಿಂದ ಇಳಿದು ಮುಂದೆ ನಡೆದೆನು. ಒಡನೆ ಕಿವಿ ಹರಿಯುವಂಥ ಕೂಗು ಎದ್ದಿತು. ನಾನು ಕೋಪಗೊಂಡು ಎಲ್ಲರ ಮುಂದೆ ಆ ಹುಡುಗನನ್ನು ಗದರಿಸಿ, ದೇವರ ಮನೆಯಲ್ಲಿ ನಿದ್ದೆ ಮಾಡುತ್ತೀಯಾ ಎಂದೆನು. ಕೆಲವರು ನಕ್ಕರು. ಅವನು ತಲೆ ತಗ್ಗಿಸಿ ಗುಂಡಿ ತಿರುವಿದನು. ಆರು ವಾರ ಅವನು ಸಭೆಗೆ ಬರಲಿಲ್ಲ.

ಆ ಕೂಗಿಗೆ ಕಾರಣವನ್ನು ನಾನು ಆಮೇಲೆ ಕಲಿತೆನು. ಮೈಕು ಹಿಡಿದವನು ಡಬ್ಬಿಯ ಎದುರಿಗೆ ಬಂದರೆ, ಡಬ್ಬಿಯಿಂದ ಹೊರಟ ಶಬ್ದವೇ ಪುನಃ ಮೈಕಿಗೆ ಹೋಗುತ್ತದೆ. ಅಲ್ಲಿಂದ ಇನ್ನೂ ದೊಡ್ಡದಾಗಿ ಡಬ್ಬಿಗೆ, ಡಬ್ಬಿಯಿಂದ ತಿರಿಗಿ ಮೈಕಿಗೆ. ಹೀಗೆ ಕ್ಷಣಮಾತ್ರದಲ್ಲಿ ನೂರಾರು ಸುತ್ತು ಸುತ್ತಿ ಅದು ಕಿರಿಚಾಗುವದು. ಹೀಗಿರಲಾಗಿ ತಪ್ಪು ಹುಡುಗನದಲ್ಲ, ಡಬ್ಬಿಯ ಮುಂದೆ ಹೋಗಿ ನಿಂತ ನನ್ನದೇ. ತನ್ನ ಧ್ವನಿಯನ್ನು ತಾನೇ ಕೇಳುತ್ತಾ ಹಿಗ್ಗುವ ಪ್ರಸಂಗಿಗೆ ಇದಕ್ಕಿಂತ ತಕ್ಕ ದೃಷ್ಟಾಂತ ಸಿಕ್ಕೀತೋ ನಾನರಿಯೆ. ಏಳನೆಯ ವಾರ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆನು. ಮನೆಯಲ್ಲಿ ಕ್ಷಮೆ ಕೇಳುವದು ಸುಲಭವಾಗಿತ್ತು. ಗದರಿಸಿದ್ದು ಸಭೆಯ ಮುಂದೆ ಆದದರಿಂದ ಸಭೆಯ ಮುಂದೆಯೇ ಕೇಳಬೇಕಾಗಿತ್ತು. ಅದಕ್ಕೆ ನನಗೆ ಇನ್ನೂ ಎರಡು ವಾರ ಹಿಡಿಯಿತು.

ಈ ಕೆಲಸ ಮಾಡುವ ಯೌವನಸ್ಥರಿಗೂ ಒಂದೆರಡು ಮಾತುಗಳುಂಟು. ನಿಮ್ಮ ಕೈಯಲ್ಲಿರುವ ಕ್ಯಾಮೆರಾ ಹರಿತವಾದ ವಸ್ತು. ಮುಂದಿನ ಸಾಲಿನ ಒಳ್ಳೇ ಸೀರೆಗಳನ್ನೇ ತೋರಿಸಿ ಹಿಂದಿನ ಚಾಪೆಯವರನ್ನು ಬಿಡಬೇಡಿರಿ; ಬಂಗಾರದ ಉಂಗುರದವನನ್ನೂ ಹರಕು ಬಟ್ಟೆಯವನನ್ನೂ ಕುರಿತು ಯಾಕೋಬನು ಬರೆದದ್ದು ಕ್ಯಾಮೆರಾಕ್ಕೂ ಸಲ್ಲುತ್ತದೆ. ಮತ್ತು ಎಲ್ಲಾ ಮುಖಗಳನ್ನೂ ತೋರಿಸಬೇಡಿರಿ. ಮನೆಯವರಿಗೆ ತಿಳಿಸದೆ ಬಂದು ಬಾಗಿಲ ಬಳಿಯಲ್ಲಿ ಕೂತವಳೊಬ್ಬಳು ಇರಬಹುದು. ನೀವು ಕಳುಹಿಸಿದ ಚಿತ್ರ ಸಂಜೆಯೊಳಗೆ ಅವಳ ಮಾವನ ಮೊಬೈಲಿಗೆ ಮುಟ್ಟಿದರೆ, ಅವಳ ಮೇಲೆ ಬೀಳುವ ಏಟಿಗೆ ನೀವೂ ಪಾಲುಗಾರರಾಗುವಿರಿ. ನಿಕೊದೇಮನು ರಾತ್ರಿಯಲ್ಲಿ ಬಂದನು. ಕರ್ತನು ಅವನನ್ನು ಹಗಲಿಗೆ ಎಳೆದು ತರಲಿಲ್ಲ. ಆದದರಿಂದ ಕೇಳಿ ಚಿತ್ರಿಸಿರಿ. ಸಂಶಯವಿದ್ದರೆ ಪೀಠದ ಕಡೆಗೆ ಮಾತ್ರ ಕ್ಯಾಮೆರಾ ತಿರುಗಿಸಿ ಬಿಟ್ಟುಬಿಡಿರಿ.

ಹೊರಗೆ ಡಬ್ಬಿ ಕಟ್ಟುವದಾದರೆ ಅಪ್ಪಣೆ ಪಡೆಯಿರಿ. 2000ನೆಯ ಇಸವಿಯ ಸರಕಾರದ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಬೈಲಿನಲ್ಲಿ ಧ್ವನಿವರ್ಧಕ ಕೂಡದು. ಪಕ್ಕದ ಮನೆಯ ಬಾಣಂತಿಗೂ ಪರೀಕ್ಷೆಗೆ ಓದುವ ಮಗುವಿಗೂ ನಿದ್ದೆ ಕೆಡಿಸಿ ನೆರೆಯವರ ಪ್ರೀತಿಯನ್ನು ಕುರಿತು ಪ್ರಸಂಗ ಮಾಡುವದು ಅಂದವಲ್ಲ.

ಹಿರಿಯರೇ, ಮಿಕ್ಸರಿಗೆ ಹಣ ಕೂಡಿಸಿದಿರಿ, ಸಂತೋಷ. ಆದರೆ ಆ ಮೇಜಿನ ಹುಡುಗನು ಎಂದಾದರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ್ದನ್ನು ನೋಡಿದ್ದೀರಾ? ಎಲ್ಲರೂ ಕಣ್ಣು ಮುಚ್ಚುವಾಗ ಅವನು ತೆರೆದಿರಬೇಕು. ಎಲ್ಲರೂ ಹಾಡುವಾಗ ಅವನು ಕೆಂಪು ದೀಪ ನೋಡಬೇಕು. ಒಬ್ಬನನ್ನೇ ವರುಷವೆಲ್ಲಾ ಅಲ್ಲಿ ಕೂಡ್ರಿಸುವದು ಅನ್ಯಾಯ. ಮೂವರಿಗೆ ಕಲಿಸಿರಿ; ಹೆಣ್ಣುಮಕ್ಕಳಿಗೂ ಕಲಿಸಿರಿ. ಸರದಿಯಂತೆ ಒಬ್ಬರು ಮೇಜಿಗೆ, ಇಬ್ಬರು ಆರಾಧನೆಗೆ ಕೂತುಕೊಳ್ಳಲಿ.

ಪುನಃ ದೋಣಿಯ ಕಡೆಗೆ ಬರೋಣ. ಕರ್ತನು ಮಾತಾಡಿ ಮುಗಿಸಿದ ಮೇಲೆ ಯಾರ ಕಡೆಗೆ ತಿರುಗಿದನೆಂಬದನ್ನು 4ನೆಯ ವಚನದಲ್ಲಿ ನೋಡಿರಿ. ದಡದ ಗುಂಪಿನ ಕಡೆಗಲ್ಲ, ಪಕ್ಕದಲ್ಲಿದ್ದ ಸೀಮೋನನ ಕಡೆಗೆ. ನಾನಾದರೋ ಪ್ರಸಂಗ ಮುಗಿದೊಡನೆ ಬಾಗಿಲಿಗೆ ಹೋಗಿ ದೊಡ್ಡವರ ಕೈ ಹಿಡಿಯುತ್ತಿದ್ದೆನು.

ಆ ಹುಡುಗನು ತಿರಿಗಿ ಬಂದ ಭಾನುವಾರ ನಾನು ಬಾಗಿಲಿಗೆ ಹೋಗದೆ ಹಿಂದಿನ ಮೇಜಿಗೆ ಹೋದೆನು. ಅವನು ತಂತಿ ಸುತ್ತುತ್ತಿದ್ದನು. ಇನ್ನೊಂದು ತುದಿಯನ್ನು ನಾನು ಹಿಡಿದೆನು. "ಅಯ್ಯನವರೇ, ಹಾಗೆ ತಿರುಚಬೇಡಿರಿ, ಒಳಗಿನ ತಂತಿ ಕಡಿಯುತ್ತದೆ" ಎಂದು ಹೇಳಿ, ಹೇಗೆ ಸುತ್ತಬೇಕೆಂಬದನ್ನು ತೋರಿಸಿಕೊಟ್ಟನು.