ಬಿಳಿ ಬಾಕ್ಸಿನ ಕೆಳಗೆ

ವರ್ಡ್‌ನಲ್ಲಿ ಪುಟದ ತಲೆಯ ಮೇಲೆ ಕಾಣುವ ಹೆಡರ್ ನಿಜಕ್ಕೂ ಪುಟಕ್ಕೆ ಸೇರಿದ್ದಲ್ಲ, ಸೆಕ್ಷನ್‌ಗೆ ಸೇರಿದ್ದು. ಸೆಕ್ಷನ್ ಬ್ರೇಕ್ ಮೂರು ಪುಟ ತಡವಾಗಿ ಬಿದ್ದಿದ್ದರೆ, ಮೂರನೇ ಅಧ್ಯಾಯದ ಮೊದಲ ಮೂರು ಪುಟಗಳು ಎರಡನೇ ಅಧ್ಯಾಯದ ಹೆಸರು ಹೊತ್ತುಕೊಂಡಿರುತ್ತವೆ. ಸರಿಪಡಿಸೋದಕ್ಕೂ ಒಂದು ಕ್ರಮ ಇದೆ: ಮೊದಲು ಸರಿಯಾದ ಜಾಗದಲ್ಲಿ ಹೊಸ ಬ್ರೇಕ್ ಹಾಕಬೇಕು, ಆಮೇಲೆ ಹಳೆಯದನ್ನು ಅಳಿಸಬೇಕು. ಉಲ್ಟಾ ಮಾಡಿದರೆ ಎರಡನೇ ಅಧ್ಯಾಯ ಪೂರ್ತಿ ಮೂರನೆಯದರ ಹೆಸರು ಬಂದು ಕೂರುತ್ತದೆ. ಯಾಕೆಂದರೆ ಬ್ರೇಕ್ ಅಳಿಸಿದಾಗ ಹಿಂದಿನ ಭಾಗ ಮುಂದಿನದರ ರೂಪ ತಾಳುತ್ತದೆ.

ಅತ್ತೆ ಮಗಳ ಪಿಎಚ್‌ಡಿ ಪ್ರಬಂಧದಲ್ಲಿ ಇದೇ ಆಗಿತ್ತು. ಮರುದಿನ ಸಲ್ಲಿಸಬೇಕು. ಕಾಟನ್‌ಪೇಟೆಯ ಡಿಟಿಪಿ ಅಂಗಡಿ, ಹಿಂದೆ ಲಗ್ನಪತ್ರಿಕೆಯ ಪ್ರೂಫ್‌ಗೆ ಕಾದು ನಿಂತ ಮದುವೆ ಮನೆಯವರು. ಆಪರೇಟರ್ ತಪ್ಪು ಹೆಡರ್ ಮೇಲೆ ಬಿಳಿ ಟೆಕ್ಸ್ಟ್ ಬಾಕ್ಸ್ ಎಳೆದು, ಅದರೊಳಗೆ ಸರಿಯಾದ ಹೆಸರು ಟೈಪಿಸಿ, ಮೂರೂ ಪುಟ ಎರಡೇ ನಿಮಿಷದಲ್ಲಿ ಮುಗಿಸಿದರು. ನಾನು ಮುಖ ನೋಡಿದ್ದಕ್ಕೆ, ‘ಪೇಪರ್ ಮೇಲೆ ಸರಿಯಾಗಿ ಬಂದ್ರೆ ಸಾಕಲ್ವಾ ಸಾರ್?’ ಅಂದರು.

ಸಾಕಾ?

ಕಾಗದದ ಮಟ್ಟಿಗೆ ಸಾಕು. ಬೈಂಡ್ ಆದ ಪ್ರಬಂಧದಲ್ಲಿ ಬಿಳಿ ಬಾಕ್ಸಿನ ಕೆಳಗೇನಿದೆ ಅಂತ ಯಾರೂ ಕೆರೆದು ನೋಡಲ್ಲ. ಬ್ರೇಕ್ ಮುಟ್ಟಿದರೆ ಪುಟಸಂಖ್ಯೆ, ಮಾರ್ಜಿನ್ ಎಲ್ಲ ಮತ್ತೆ ನೋಡಬೇಕು. ಪುಟಕ್ಕಿಷ್ಟು ಅಂತ ದುಡಿಯುವವರಿಗೆ ಆ ಹೊತ್ತಿನ ಕೂಲಿ ಕೊಡೋರು ಯಾರು? ತಿಂಗಳ ಸಂಬಳದ ನಾವು ‘ಕ್ಲೀನ್ ಕೋಡ್’ ಅಂತ ಭಾಷಣ ಮಾಡೋದು ಸುಲಭ. (ರಿಲೀಸ್ ಹಿಂದಿನ ರಾತ್ರಿ ನಮ್ಮಲ್ಲಿ ನಡೆಯೋದೂ ಬಿಳಿ ಬಾಕ್ಸಿನ ಕೆಲಸವೇ ಬಿಡಿ.)

ಅಷ್ಟಕ್ಕೂ ಕನ್ನಡದ ಡಿಟಿಪಿ ಬೆಳೆದದ್ದೇ ಹೀಗಲ್ವಾ? 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೆ ಪ್ರೆಸ್‌ಗಳು ನಂಬಿದ್ದ ಪೇಜ್‌ಮೇಕರ್‌ಗೆ ಅದು ಬರುತ್ತಿರಲಿಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿದವು. ಅಚ್ಚು ಚೆನ್ನಾಗಿಯೇ ಬಂತು, ಎಷ್ಟೋ ಪುಸ್ತಕ ಹೊರಬಂದವು. ಅದನ್ನು ಮೋಸ ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ ಅದೇ ಫೈಲನ್ನು ಇವತ್ತು ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದರೊಳಗೆ ಒಂದು ಕನ್ನಡ ಪದ ಹುಡುಕಿ ನೋಡಿ, ಸಿಗಲ್ಲ.

ಬಿಳಿ ಬಾಕ್ಸಿನದೂ ಅದೇ ಕಥೆ. ಅದು ಅಂಟಿಕೊಂಡಿರೋದು ಪುಟಕ್ಕಲ್ಲ, ಯಾವುದೋ ಪ್ಯಾರಾಕ್ಕೆ. ಮೌಲ್ಯಮಾಪಕರು ಹೇಳಿದರು ಅಂತ ಮುಂದೆ ಅಲ್ಲಿ ನಾಲ್ಕು ಸಾಲು ಸೇರಿಸಿದರೆ ಆ ಪ್ಯಾರಾ ಮುಂದಿನ ಪುಟಕ್ಕೆ ಜಾರಬಹುದು, ಬಾಕ್ಸೂ ಅದರ ಹಿಂದೆಯೇ ಹೋಗುತ್ತದೆ. ಹಳೆಯ ಹೆಡರ್ ಮತ್ತೆ ಇಣುಕುತ್ತದೆ. ಆಗ ಇನ್ಯಾವುದೋ ಅಂಗಡಿಯ ಹುಡುಗ ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುತ್ತಾನೆ, ದುಡ್ಡು ಅವಳು ಕೊಡುತ್ತಾಳೆ.

ನಮ್ಮ ಫೀಲ್ಡಲ್ಲಿ ಇದಕ್ಕೆ ಟೆಕ್ನಿಕಲ್ ಡೆಟ್ ಅಂತಾರೆ. ಸಾಲ ಮಾಡೋದರಲ್ಲಿ ನನಗೆ ತಪ್ಪು ಕಾಣಲ್ಲ; ಮರುದಿನವೇ ಸಲ್ಲಿಸಬೇಕು ಅಂದಾಗ ಯಾರಾದರೂ ಮಾಡುತ್ತಾರೆ. ಆದರೆ ಇದು ಅವಳ ಹೆಸರಲ್ಲಿ, ಅವಳಿಗೇ ಹೇಳದೆ ಮಾಡಿದ ಸಾಲ. ಹೇಳಿದ್ದರೆ ಈಗ ಕಾಯೋದಾ, ಆಮೇಲೆ ತೀರಿಸೋದಾ ಅಂತ ಅವಳೇ ನಿರ್ಧಾರ ಮಾಡುತ್ತಿದ್ದಳು. ‘ಸರಿಮಾಡಿದೀನಿ ಮೇಡಂ’ ಅಂದುಬಿಟ್ಟರೆ ಆ ಅವಕಾಶವೇ ಇಲ್ಲ.

ಹೇಳೋಕೆ ಬೇಕಿದ್ದದ್ದು ಬಿಲ್ ಹಿಂದೆ ಒಂದು ಸಾಲು: ಮೂರು ಪುಟಕ್ಕೆ ಬಿಳಿ ಬಾಕ್ಸ್ ಇದೆ, ತಿದ್ದುವಾಗ ನೋಡಿಕೊಳ್ಳಿ. ಪುಟಕ್ಕಿಷ್ಟು ಅನ್ನುವ ಲೆಕ್ಕದಲ್ಲಿ ಆ ಸಾಲಿಗೆ ರೇಟ್ ಇಲ್ಲ.